ಒಂದು ಮಾತು ಕೇಳಿ, ಆಮೇಲೆ ಖಾಲಿ ಮಾಡಿ

ಮಾನ್ಯ ಸಂಪಾದಕರೇ,

ಮನೆಯ ಸಾಮಾನು ಕಡಿಮೆ ಮಾಡುವುದರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಒಂದು ವರ್ಷ ಮುಟ್ಟದ ವಸ್ತುವನ್ನು ಯೋಚಿಸದೆ ಹೊರಗೆ ಹಾಕಿ ಎಂಬ ಸಲಹೆ ಅದರಲ್ಲಿತ್ತು. ನಮ್ಮ ಸ್ವಂತ ಬೀರುವಿಗೆ ಅದು ಸರಿ. ಆದರೆ ಮನೆಯಲ್ಲಿ ಇನ್ನೊಬ್ಬರ ಸಾಮಾನೂ ಇರುತ್ತದೆ, ಅಲ್ವಾ? ಅಲ್ಲಿ ನಾನು ತಪ್ಪು ಮಾಡಿದ್ದೇನೆ. ಅದಕ್ಕೇ ಈ ಪತ್ರ.

ನನ್ನ ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಕೆಲಸ ಬಿಟ್ಟ ಮೇಲೂ ಅವರ ಕೋಣೆ ತುಂಬ ವೈರು, ನಾಬು, ಹಳೇ ಸ್ಪೀಕರು. ಕಾಲಿಡಲು ಜಾಗವಿರಲಿಲ್ಲ. ಒಮ್ಮೆ ಅವರು ನಾಲ್ಕು ದಿನ ತಮ್ಮನ ಮನೆಗೆ ಹೋಗಿದ್ದರು. ವಾಪಸ್ ಬಂದಾಗ ಖುಷಿಪಡಲಿ ಅಂತ ಕೋಣೆ ಪೂರ್ತಿ ಚೊಕ್ಕ ಮಾಡಿದೆ. ಆರು ಮೂಟೆ ಗುಜರಿಗೆ ಹೋಯಿತು. ಅದರಲ್ಲಿ ಒಂದು ರಾಶಿ ಬೆಂಕಿಪೊಟ್ಟಣಗಳೂ ಇದ್ದವು. ಖಾಲಿ ಪೊಟ್ಟಣ ಅಂದುಕೊಂಡೆ, ಒಂದನ್ನೂ ತೆರೆದು ನೋಡಲಿಲ್ಲ. ಒಂದೊಂದರಲ್ಲೂ ಒಂದೊಂದು ಬಗೆಯ ಸಣ್ಣ ಬಿಡಿಭಾಗ ಇತ್ತಂತೆ. ಮೇಲೆ ಪೆನ್ಸಿಲ್‌ನಲ್ಲಿ ಹೆಸರೂ ಬರೆದಿದ್ದರಂತೆ.

ಅಪ್ಪ ಬೈಯಲಿಲ್ಲ. ಕೋಣೆಯ ಮಧ್ಯೆ ನಿಂತು, "ಒಂದು ಮಾತು ಕೇಳಬಹುದಿತ್ತಲ್ಲಮ್ಮಾ" ಅಂದರು. ಆಮೇಲಿಂದ ಕನ್ನಡಕ ಎಲ್ಲೋ ಇಟ್ಟು ಮರೆತರೂ, ನಾನೇ ಎಸೆದೆನೇನೋ ಎಂಬಂತೆ ನನ್ನ ಮುಖ ನೋಡುತ್ತಿದ್ದರು. ಹಳೇ ಪ್ಲಾಸ್ಟಿಕ್ ಕವರುಗಳನ್ನೂ ಮಂಚದ ಕೆಳಗೆ ಬಚ್ಚಿಡತೊಡಗಿದರು. ನಾನು ಖಾಲಿ ಮಾಡಿದ್ದರಿಂದಲೇ ಅವರು ಜಾಸ್ತಿ ಕೂಡಿಡುವಂತಾಯಿತು.

ಹೀಗೇಕೆ ಆಗುತ್ತದೆ ಎಂದು ಆಮೇಲೆ ಓದಿ ತಿಳಿದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್, ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಅವರ ಸಂಗಡಿಗರು 1990ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಒಂದೊಂದು ಕಾಫಿ ಮಗ್ ಕೊಟ್ಟಿದ್ದರು. ಸಿಕ್ಕವರು ಮಾರಲು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಗಿಂತ ಸುಮಾರು ದುಪ್ಪಟ್ಟಿತ್ತು. ಆಗಷ್ಟೇ ಕೈಗೆ ಬಂದ ಮಗ್ಗಿಗೇ ಹೀಗೆ. ಇಡೀ ಜೀವನ ಅನ್ನ ಕೊಟ್ಟ ಸ್ಕ್ರೂಡ್ರೈವರಿಗೆ ಎಷ್ಟಿರಬೇಡ?

ಈಗ ನಾವಿಬ್ಬರೂ ದಿನಾ ಸಂಜೆ ಅರ್ಧ ಗಂಟೆ ಕೂರುತ್ತೇವೆ. ಒಂದೇ ಡ್ರಾಯರು. ನಾನು ತೆಗೆದು ಕೊಡುತ್ತೇನೆ, ಅವರು "ಇರಲಿ", "ಬೇಡ", "ನೋಡೋಣ" ಅನ್ನುತ್ತಾರೆ. "ನೋಡೋಣ" ಎಂದದ್ದೆಲ್ಲ ತಾರೀಖು ಬರೆದ ಡಬ್ಬಕ್ಕೆ ಹೋಗುತ್ತದೆ. ಮೂರು ತಿಂಗಳಾದ ಮೇಲೆ ಅದನ್ನು ಅವರೇ ತೆರೆಯುತ್ತಾರೆ. ತಾವಾಗಿ "ಬೇಡ" ಎಂದದ್ದೇ ಅರ್ಧಕ್ಕಿಂತ ಜಾಸ್ತಿ! ಕರೆಂಟು ಅಳೆಯುವ ತಮ್ಮ ಹಳೇ ಮೀಟರನ್ನು, ರಿಪೇರಿ ಕಲಿಯುತ್ತಿರುವ ಒಬ್ಬ ಹುಡುಗನಿಗೆ ಕೊಟ್ಟು, ಹೇಗೆ ಬಳಸುವುದೆಂದು ಒಂದು ಗಂಟೆ ಹೇಳಿಕೊಟ್ಟರು.

ಜೊತೆಗೆ ಕೂತರೆ ಅಪಾಯದ ವಸ್ತುಗಳೂ ಕಣ್ಣಿಗೆ ಬೀಳುತ್ತವೆ. ಉಬ್ಬಿದ ಒಂದು ಮೊಬೈಲ್ ಬ್ಯಾಟರಿ ಸಿಕ್ಕಿತು. ಲಿಥಿಯಂ ಬ್ಯಾಟರಿ ಜಜ್ಜಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಅದನ್ನು ಮನೆಯ ಕಸಕ್ಕೆ ಹಾಕಬಾರದು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ಪಾದರಸದ ಥರ್ಮಾಮೀಟರನ್ನೂ ಮನೆಯ ಕಸಕ್ಕೆ ಹಾಕಬಾರದು. ಆರು ಮೂಟೆ ಕಟ್ಟಿದ ದಿನ ಇಂಥದ್ದೇನಾದರೂ ಒಳಗೆ ಹೋಯಿತೋ ಏನೋ, ನೆನೆದರೆ ಈಗಲೂ ಭಯವಾಗುತ್ತದೆ. ಇನ್ನು, ಜೋಪಾನವಾಗಿಟ್ಟಿದ್ದ ಎಷ್ಟೋ ಅಂಗಡಿ ಬಿಲ್ಲುಗಳು ಅಕ್ಷರ ಮಾಸಿ ಬಿಳಿ ಕಾಗದವಾಗಿದ್ದವು. ಯಂತ್ರದಿಂದ ಬರುವ ಅಂಥ ಬಿಲ್ಲಿನಲ್ಲಿ ಶಾಯಿ ಇರುವುದಿಲ್ಲ, ಶಾಖದಿಂದ ಮೂಡಿದ ಅಕ್ಷರ ಕ್ರಮೇಣ ಮಾಸುತ್ತದೆ. ವಾರಂಟಿ ಇರುವ ಬಿಲ್ಲನ್ನು ತಂದ ದಿನವೇ ಫೋಟೊ ತೆಗೆದಿಡಿ.

ಏನನ್ನೂ ಬಿಡಲಾಗದೆ ನಿಜಕ್ಕೂ ನರಳುವವರೂ ಇದ್ದಾರೆ. ಅಮೆರಿಕದ ಮನೋವೈದ್ಯರ ಸಂಘ ಮಾನಸಿಕ ಕಾಯಿಲೆಗಳ ಬಗೆಗಿನ ತನ್ನ 2013ರ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಎಂದೇ ಸೇರಿಸಿದೆ. ಅಂಥವರಿಗೆ ವೈದ್ಯರ ನೆರವು ಬೇಕು. ಮನೆಯವರು ಸುಮ್ನೆ ಮೂಟೆ ಕಟ್ಟಿದರೆ ಅವರ ಸಂಕಟ ಹೆಚ್ಚುತ್ತದೆ.

ಸಂಪಾದಕರೇ, ಮುಂದಿನ ಸಲ ಇಂಥ ಲೇಖನ ಹಾಕುವಾಗ, ಹಿರಿಯರ ಜೊತೆ ಕೂತು ಹೇಗೆ ಕೇಳಬೇಕು ಎಂಬುದನ್ನೂ ದಯವಿಟ್ಟು ಬರೆಸಿ.

ಅಪ್ಪನ ಕೋಣೆಯಲ್ಲಿ ಇನ್ನೂ ಎರಡು ಕಪಾಟು ಹಾಗೇ ಇವೆ. "ಅದನ್ನು ಸದ್ಯಕ್ಕೆ ತೆಗೆಯೋದು ಬೇಡ" ಅಂದಿದ್ದಾರೆ. ಕಾಲಿಗೆ ಅಡ್ಡ ಬರುವಂಥದ್ದು ಈಗ ಏನೂ ಇಲ್ಲ. ನಾನೂ ಮುಟ್ಟಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು