ಸಂಬಳ ಎಲ್ಲಿಗೆ ಹೋಗುತ್ತೆ ಅಂತ ಕೇಳಿದಿರಲ್ಲ, ಅಪ್ಪ

ಹೆಲ್ಸಿಂಕಿ, ಫಿನ್ಲೆಂಡ್
16 ನವೆಂಬರ್ 2025

ತೀರ್ಥರೂಪು ಅಪ್ಪನವರಿಗೆ ಹಾಗೂ ಅಮ್ಮನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತಿದೆ. ಪಾಪುವಿಗೆ ಎರಡು ಹಲ್ಲು ಬಂದಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ.

ಹೋದ ಭಾನುವಾರ ಫೋನಿನಲ್ಲಿ ನೀವು, "ಮೂರರಲ್ಲೊಂದು ಪಾಲು ಸರ್ಕಾರಕ್ಕೇ ಹೋದರೆ ಏನು ಉಳಿಸ್ತೀಯಮ್ಮ?" ಅಂತ ಕೇಳಿದಿರಿ. ಪಾಪು ಅಳುತ್ತಿದ್ದಳು, ಸರಿಯಾಗಿ ಹೇಳಲಾಗಲಿಲ್ಲ. ಈಗ ಮಲಗಿದ್ದಾಳೆ. ಕೂತು ಬರೆಯುತ್ತಿದ್ದೇನೆ.

ಹೌದು ಅಪ್ಪ, ತೆರಿಗೆ ಜಾಸ್ತಿನೇ. ತೆರಿಗೆ, ಪಿಂಚಣಿ ಎಲ್ಲ ಹಿಡಿದುಕೊಂಡೇ ಸಂಬಳ ಕೈಗೆ ಬರುತ್ತೆ. ಆಮೇಲೆ ಒಂದು ಜೊತೆ ಬೂಟು ಕೊಂಡರೂ ಅದರ ಮೇಲೆ 25.5% ತೆರಿಗೆ. ಬಂದ ಹೊಸದರಲ್ಲಿ ಸಂಬಳದ ಚೀಟಿ ನೋಡಿ ನನಗೂ ಹೊಟ್ಟೆ ಉರಿದಿತ್ತು.

ಪಾಪು ಹೊಟ್ಟೆಯಲ್ಲಿದ್ದಾಗ ಅದು ಬದಲಾಯಿತು. ನಮ್ಮಲ್ಲಿ ತಾಯಿ ಕಾರ್ಡ್ ಮಾಡಿಸುತ್ತಾರಲ್ಲ, ಹಾಗೆಯೇ ಇಲ್ಲಿ ಬಸುರಿಯರನ್ನು, ಎಳೆ ಮಕ್ಕಳನ್ನು ನೋಡಿಕೊಳ್ಳುವ ಸರ್ಕಾರಿ ದವಾಖಾನೆ ಇದೆ. ನೆವೊಲಾ ಅಂತಾರೆ. ದುಡ್ಡು ಕೊಡಬೇಕಿಲ್ಲ. ನಾಲ್ಕು ತಿಂಗಳು ತುಂಬುವುದರೊಳಗೆ ಒಮ್ಮೆ ತೋರಿಸಿಕೊಂಡರೆ, ಹೆರಿಗೆಗೆ ಮುಂಚೆ ಸರ್ಕಾರದಿಂದ ಒಂದು ರಟ್ಟಿನ ಪೆಟ್ಟಿಗೆ ಬರುತ್ತೆ. ಮಗುವಿನ ಬಟ್ಟೆ, ಹಿಮಕ್ಕೆ ಹಾಕುವ ದಪ್ಪ ಅಂಗಿ, ಹಾಸಿಗೆ, ಹೊದಿಕೆ ಎಲ್ಲ ಅದರೊಳಗೆ. ಪೆಟ್ಟಿಗೆಯಲ್ಲೇ ಮಗುವನ್ನು ಮಲಗಿಸಬಹುದು. ನಮ್ಮ ಪಾಪು ಮೊದಲ ಎರಡು ತಿಂಗಳು ಅದರಲ್ಲೇ ಮಲಗಿದಳು. ಫೋಟೋ ನೋಡಿ ಅಮ್ಮ, "ಇದೇನು, ಮಾವಿನ ಹಣ್ಣಿನ ಡಬ್ಬದಲ್ಲಿ ಹಾಕಿದ್ದೀಯ" ಅಂದಿದ್ದರಲ್ಲ, ಅದೇ ಪೆಟ್ಟಿಗೆ. ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ ಬರುವ ಹಾಗೆ ನರ್ಸ್ ಮನೆಗೇ ಬಂದರು. ತೂಕ ನೋಡಿದರು, ನನ್ನ ಕೈ ಹಿಡಿದು ನಿದ್ದೆ ಬರುತ್ತಿದೆಯಾ ಅಂತ ಕೇಳಿದರು. ನೀವಿಬ್ಬರೂ ಹತ್ತಿರ ಇಲ್ಲದ ದಿನಗಳವು. ನನಗೆ ಅಳು ತಡೆಯಲಾಗಲಿಲ್ಲ.

ಪೆಟ್ಟಿಗೆ ಕೊಡುವುದು 1938ರಲ್ಲಿ ಬಡ ತಾಯಂದಿರಿಗೆ ಅಂತ ಶುರುವಾಯಿತು. ಆಗ ಇಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 65ರಷ್ಟು ಮಕ್ಕಳು ವರ್ಷ ತುಂಬುವುದರೊಳಗೇ ಹೋಗಿಬಿಡುತ್ತಿದ್ದವು. 1949ರಿಂದ ಅದು ಬಡವ, ಬಲ್ಲಿದ ಅಂತ ನೋಡದೆ ಎಲ್ಲರಿಗೂ ಸಿಗುತ್ತಿದೆ.

ನಾಡು ಶ್ರೀಮಂತವಾದ ಮೇಲೆ ಇದೆಲ್ಲ ಮಾಡಿದರು ಅಂದುಕೊಂಡಿದ್ದೆ. ಹಾಗಲ್ಲ. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಅಂತ ಕಾನೂನು ಮಾಡಿದ್ದು 1943ರಲ್ಲಿ, ಯುದ್ಧದ ನಡುವೆ. ಜಾರಿಗೆ ತಂದಿದ್ದು 1948ರಲ್ಲಿ. ಆಗ ಸೋವಿಯತ್ ಒಕ್ಕೂಟಕ್ಕೆ ಯುದ್ಧದ ದಂಡ ಬೇರೆ ಕಟ್ಟುತ್ತಿದ್ದರು, ಅದು ತೀರಿದ್ದು 1952ಕ್ಕೆ. ಅಂಥ ಹೊತ್ತಿನಲ್ಲೂ ಮಕ್ಕಳ ತಟ್ಟೆಗೆ ಕೈ ಹಾಕಲಿಲ್ಲ. ಇವತ್ತು ಪಾಪುವಿನ ಅಣ್ಣ ಪುಟ್ಟನ ಕ್ಲಾಸಿನಲ್ಲಿ ಡಾಕ್ಟರ ಮಗನೂ ಬಸ್ ಡ್ರೈವರ ಮಗಳೂ ಒಂದೇ ಊಟ ಮಾಡುತ್ತಾರೆ. ನಿಮ್ಮ ಶಾಲೆಗೆ ಬಿಸಿಯೂಟ ಬಂದ ವರ್ಷ ಹಾಜರಿ ಪುಸ್ತಕ ತುಂಬಿತು ಅಂತ ಎಷ್ಟು ಖುಷಿಯಾಗಿ ಹೇಳುತ್ತಿದ್ದಿರಿ, ನೆನಪಿದೆಯಾ?

ಎಲ್ಲ ಸರಿಯಿದೆ ಅಂತ ಹೇಳುವುದಿಲ್ಲ. ಅರ್ಜೆಂಟಲ್ಲದ ಕಾಯಿಲೆಗೆ ಡಾಕ್ಟರನ್ನು ನೋಡಲು ವಾರಗಟ್ಟಲೆ ಕಾಯಬೇಕು. ನನ್ನ ಮೊಣಕಾಲು ನೋವಿಗೆ ಐದು ವಾರ ಕಾದೆ. ಆದರೆ ಅದೇ ಸಾಲಿನಲ್ಲಿ ನಮ್ಮ ಆಫೀಸಿನ ಮ್ಯಾನೇಜರೂ ಕಾಯುತ್ತಿದ್ದರು. ಅವರಿಗೂ ಸಿಟ್ಟು ಬಂದಿತ್ತು. ಕೊಡುವವರೂ ಬಳಸುವವರೂ ಒಂದೇ ಜನ ಆದಾಗ ಕೆಟ್ಟಿದ್ದನ್ನು ಕೇಳುವ ಗಂಟಲು ಜೋರಾಗಿರುತ್ತೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ಹೇಳುವುದೂ ನನಗೆ ಅರ್ಥವಾಗುತ್ತೆ. ತೆರಿಗೆಯನ್ನೂ ಕಟ್ಟಬೇಕು, ಮಗುವಿನ ಸ್ಕೂಲಿಗೂ ಲಕ್ಷ ಕೊಡಬೇಕು, ಟ್ಯಾಂಕರ್ ನೀರಿಗೂ ಕೊಡಬೇಕು. ಅವನ ಸಿಟ್ಟು ನಿಜ. ಆದರೆ "ನಾವು ಕಟ್ಟಿ ಬಿಟ್ಟಿ ತಿನ್ನುವವರನ್ನು ಸಾಕಬೇಕು" ಅಂದನಲ್ಲ, ಅದು ಮಾತ್ರ ತಪ್ಪು. ಅವನ ಮನೆಗೆ ಪಾತ್ರೆ ತೊಳೆಯಲು ಬರುವ ಅಕ್ಕ ಒಂದು ಸೋಪು ಕೊಂಡರೂ ತೆರಿಗೆ ಕಟ್ಟಿಯೇ ಕೊಳ್ಳುತ್ತಾಳೆ. ಅವಳೂ ತೆರಿಗೆದಾರಳೇ ಅಲ್ವಾ? 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ಮೇಲೆ ಅಮ್ಮ ಚಿಕ್ಕಮ್ಮನ ಊರಿಗೆ ಎಷ್ಟು ಸಲ ಹೋಗಿ ಬಂದರು, ನೀವೇ ಎಣಿಸಿ. ಇಲ್ಲೂ ಪಾಪುವನ್ನು ತಳ್ಳುಗಾಡಿಯಲ್ಲಿ ಕರೆದುಕೊಂಡು ಹೋದರೆ ಬಸ್ಸು, ಟ್ರಾಮಿಗೆ ನಾನು ಟಿಕೆಟ್ ತೆಗೆಸುವುದಿಲ್ಲ.

ಅಪ್ಪ, ನಮ್ಮನ್ನು ಓದಿಸಿದ್ದು ನಿಮ್ಮ ಮೇಷ್ಟ್ರ ಸಂಬಳ. ಅದೂ ಜನ ಕಟ್ಟಿದ ದುಡ್ಡೇ. ನನಗೆ ಓದುವ ಹುಚ್ಚು ಹಿಡಿದಿದ್ದು ನಮ್ಮೂರ ಲೈಬ್ರರಿಯಲ್ಲಿ. ಇಲ್ಲಿ ಪಾರ್ಲಿಮೆಂಟಿನ ಎದುರಿಗೇ 'ಓಡಿ' ಅಂತ ದೊಡ್ಡ ಲೈಬ್ರರಿ ಇದೆ, 2018ರ ಡಿಸೆಂಬರಿನಲ್ಲಿ ತೆರೆದಿದ್ದು. ಹೊಲಿಗೆ ಮಷೀನ್ ಕೂಡ ಇಟ್ಟಿದ್ದಾರೆ, ಯಾರು ಬೇಕಾದರೂ ಹೊಲಿದುಕೊಳ್ಳಬಹುದು. ಅಮ್ಮ ಬಂದರೆ ಬಿಟ್ಟು ಏಳುವುದೇ ಇಲ್ಲ. ಅಲ್ಲಿ ಕೂತಾಗಲೆಲ್ಲ ನಮ್ಮೂರ ಲೈಬ್ರರಿ ನೆನಪಾಗುತ್ತೆ. ನಮ್ಮಲ್ಲೂ 1965ರ ಕಾಯ್ದೆ ಇದೆ. ನೀವು ಕಟ್ಟುವ ಮನೆ ಕಂದಾಯದ ಜೊತೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರ ಸೇರಿರುತ್ತೆ. ಈ ಸಲದ ರಸೀದಿಯಲ್ಲಿ ಆ ಸಾಲು ಎಲ್ಲಿದೆ ಹುಡುಕಿ ನೋಡಿ. ನೋಡಿದ ಮೇಲೆ ಒಂದು ಸಂಜೆ ಲೈಬ್ರರಿಗೆ ಹೋಗಿ ಬನ್ನಿ. ಮಕ್ಕಳ ಪುಸ್ತಕದ ಕಪಾಟಿಗೆ ಹೊಸದು ಏನು ಬಂದಿದೆ ಅಂತ ಕೇಳಿ. ಏನೂ ಬಂದಿಲ್ಲ ಅಂದರೆ ಯಾಕೆ ಅಂತಲೂ ಕೇಳಿ. ರಿಟೈರ್ ಆದ ಹೆಡ್ ಮೇಷ್ಟ್ರು ಕೇಳಿದರೆ ಯಾರೂ ಸುಮ್ನೆ ಕಳಿಸುವುದಿಲ್ಲ.

ಏಪ್ರಿಲ್‌ನಲ್ಲಿ ನಾವು ಬರುತ್ತೇವೆ. ಪುಟ್ಟನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ನನ್ನ ಹಳೇ ಲೈಬ್ರರಿ ಕಾರ್ಡು ಟ್ರಂಕಿನ ತಳದಲ್ಲಿ ಇರಬೇಕು, ಅಮ್ಮನಿಗೆ ಹುಡುಕಿಡಲು ಹೇಳಿ.

ಇತಿ ನಿಮ್ಮ ಪ್ರೀತಿಯ ಮಗಳು