ಕುಂ.ಕು. ಬಂತಾ ಅಪ್ಪ?

ನ್ಯೂಯಾರ್ಕ್
ಸೆಪ್ಟೆಂಬರ್ 22

ಅಪ್ಪನಿಗೆ, ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಮ್ಮ ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬ ಇದೆ. ಅಪ್ಪ, ವಾಟ್ಸಾಪ್‌ನಲ್ಲಿ ಏನು ಬರೆದರೂ ನೀವು ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀರಿ. ಅದಕ್ಕೇ ಈ ಸಲ ಕಾಗದ.

ಇಲ್ಲಿ ಈಗ ಹಕ್ಕಿಗಳು ದಕ್ಷಿಣಕ್ಕೆ ಹೊರಡುವ ಕಾಲ. ಆಫೀಸಿಗೆ ಮುಂಚೆ ದಿನಾ ಸೆಂಟ್ರಲ್ ಪಾರ್ಕಿಗೆ ಹೋಗುತ್ತೇನೆ. 843 ಎಕರೆ, ನಮ್ಮ ಲಾಲ್‌ಬಾಗಿನ ಮೂರೂವರೆ ಪಟ್ಟು. ಸುತ್ತ ಬರೀ ಕಟ್ಟಡ. ಕೆನಡಾ ಕಡೆಯಿಂದ ರಾತ್ರಿಯಿಡೀ ಹಾರಿ ಬಂದ ಹಕ್ಕಿಗೆ ಬೆಳಗಾದಾಗ ಇಳಿಯೋಕೆ ಹಸಿರು ಬೇಕಲ್ವಾ, ಅವೆಲ್ಲ ಇಲ್ಲೇ ಬಂದು ತುಂಬಿಕೊಳ್ಳುತ್ತವೆ. ರಾತ್ರಿ ಉತ್ತರದ ಗಾಳಿ ಬೀಸಿದ್ದರೆ ಬೆಳಿಗ್ಗೆ ಇನ್ನೂ ಜಾಸ್ತಿ.

ಪಾರ್ಕಿನೊಳಗೆ ರ‍್ಯಾಂಬಲ್ ಅಂತ ಕಾಡಿನಂಥ ಒಂದು ಜಾಗ ಇದೆ. ಅಲ್ಲಿ ನೀರಿನ ಪಕ್ಕ ಕಿತ್ತಳೆ ಬಣ್ಣದ ಹೂವಿನ ಪೊದೆ. ಅಮ್ಮ, ಅಜ್ಜಿ ಮನೆ ಹಿತ್ತಲಲ್ಲಿ ಕರ್ಣಕುಂಡಲ ಇತ್ತಲ್ಲ, ಅದೇ ಜಾತಿ. ಬಲಿತ ಕಾಯಿ ಮುಟ್ಟಿದರೆ ಥೇಟ್ ಹಾಗೇ ಟಪ್ಪಂತ ಸಿಡಿಯುತ್ತದೆ. ಆ ಹೂವಿಗೆ ಹಮ್ಮಿಂಗ್‌ಬರ್ಡ್ ಬರುತ್ತದೆ. ಮೂರು ಗ್ರಾಂ ತೂಕದ ಜೀವ. ನಮ್ಮ ಸೂರಕ್ಕಿ ಹಾಗೆ ಕಡ್ಡಿ ಮೇಲೆ ಕೂರುವುದಿಲ್ಲ, ಗಾಳಿಯಲ್ಲೇ ನಿಂತು ಕುಡಿಯುತ್ತದೆ.

ಸೆಪ್ಟೆಂಬರ್ 11ರ ರಾತ್ರಿ ಇಲ್ಲಿ, 2001ರ ದಾಳಿಯಲ್ಲಿ ಸತ್ತವರ ನೆನಪಿಗೆ, ಆಕಾಶಕ್ಕೆ ಎರಡು ಬೆಳಕಿನ ಕಂಬ ಬಿಡುತ್ತಾರೆ. ಹಕ್ಕಿಗಳು ಆ ಬೆಳಕಿಗೆ ಸಿಕ್ಕಿ ದಾರಿ ತಪ್ಪಿ ಸುತ್ತುತ್ತಾ ಇರುತ್ತವೆ. ಎಣಿಸೋಕೆ ಅಂತಲೇ ಜನ ಇರುತ್ತಾರೆ. ಸಾವಿರ ದಾಟಿದರೆ 20 ನಿಮಿಷ ದೀಪ ಆರಿಸುತ್ತಾರೆ. ಇಷ್ಟು ಅವಸರದ ಊರು ಹಕ್ಕಿಗೋಸ್ಕರ ಸ್ವಿಚ್ ಆಫ್ ಮಾಡುತ್ತದಲ್ಲ, ನನಗೆ ತುಂಬಾ ಹಿಡಿಸಿತು.

ಆದರೆ ಗಾಜು? ಮೊನ್ನೆ ಒಂದು ಕಟ್ಟಡದ ಬುಡದಲ್ಲಿ ರೆಡ್‌ಸ್ಟಾರ್ಟ್ ಹಕ್ಕಿ ಕೂತಿತ್ತು. ಹೆಣ್ಣು. ಬೂದು ತಲೆ, ಬಾಲದ ಎರಡೂ ಪಕ್ಕ ಅರಿಶಿನದ ಪಟ್ಟೆ. ಗಾಜಿನಲ್ಲಿ ಕಂಡ ಮರವನ್ನು ನಿಜದ ಮರ ಅಂದುಕೊಂಡು ಹೊಡೆದುಕೊಂಡಿರಬೇಕು. ಜನ ಅದರ ಪಕ್ಕದಿಂದ ಸರಿದು ಓಡಾಡುತ್ತಿದ್ದರು. ಎತ್ತಿಕೊಂಡೆ. ಹತ್ತು ರೂಪಾಯಿ ನಾಣ್ಯದಷ್ಟು ಭಾರ, ಅಷ್ಟೇ. ಎದೆ ಮಾತ್ರ ಅಮ್ಮನ ಹೊಲಿಗೆ ಮೆಷಿನ್ ಥರ ಓಡುತ್ತಿತ್ತು. ನೀರು ಕುಡಿಸಬಾರದು, ಕಾಗದದ ಚೀಲದಲ್ಲಿ ಕತ್ತಲಲ್ಲಿ ಇಡಬೇಕು ಅಂತ ಪಾರ್ಕಿಗೆ ಬರುವ ಒಬ್ಬ ಅಜ್ಜಿ ಹೇಳಿಕೊಟ್ಟಿದ್ದರು. ಊಟದ ಚೀಲ ಖಾಲಿ ಮಾಡಿದೆ. ಚಿತ್ರಾನ್ನದ ಡಬ್ಬಿ ಕಂಕುಳಲ್ಲಿ, ಹಕ್ಕಿ ಚೀಲದಲ್ಲಿ. ಹಾಗೇ ರೈಲು ಹತ್ತಿ ಹಕ್ಕಿ ಆಸ್ಪತ್ರೆಗೆ ಹೋದೆ. ಚೀಲದೊಳಗೆ ಪರಪರ ಸದ್ದು. ಪಕ್ಕದವನು ಒಂದು ಸೀಟು ಆಚೆ ಸರಿದು ಕೂತ. ಆಫೀಸಿನಲ್ಲಿ ಹೊಟ್ಟೆ ಸರಿಯಿಲ್ಲ ಅಂತ ಸುಳ್ಳು ಹೇಳಿದೆ. ಆಸ್ಪತ್ರೆಯವರು ಒಂದು ನಂಬರ್ ಬರೆದುಕೊಟ್ಟಿದ್ದಾರೆ, ವಿಚಾರಿಸೋಕೆ. ಇನ್ನೂ ಧೈರ್ಯ ಬಂದಿಲ್ಲ.

ಅವತ್ತಿನಿಂದ ನಮ್ಮ ಕುಂಡೆಕುಸ್ಕವೇ ನೆನಪಾಗುತ್ತಿದೆ. ಬೂದು ಬೆನ್ನು, ಹಳದಿ ಹೊಟ್ಟೆ, ತಾರಸಿಯಲ್ಲಿ ಟ್ಯಾಂಕಿನಿಂದ ಚೆಲ್ಲಿದ ನೀರಿನ ಪಕ್ಕ ಬಾಲ ಕುಣಿಸಿಕೊಂಡು ಓಡಾಡುತ್ತಿತ್ತಲ್ಲ. ಹಿಮಾಲಯದ ಕಡೆಯಿಂದ ಅದು ಬೆಂಗಳೂರಿಗೆ ಇಳಿಯುವುದೂ ಇದೇ ತಿಂಗಳು. ಬಂದ ದಿನ ನೀವು ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ‘ಕುಂ.ಕು.’ ಅಂತ ಬರೆಯುತ್ತಿದ್ದಿರಿ. ಅಮ್ಮ ಒಂದು ವರ್ಷ ಅದನ್ನು ಓದಿ ಗಾಂಧಿ ಬಜಾರಿನಿಂದ ಕಾಲು ಕೆಜಿ ಕುಂಕುಮ ತಂದಿದ್ದಳು. ಅದು ಇನ್ನೂ ಮುಗಿದಿಲ್ಲ ಅಲ್ವಾ?

ಮಂಡಿ ನೋವು ಅಂತ ನೀವು ಲಾಲ್‌ಬಾಗಿಗೂ ಹೋಗುತ್ತಿಲ್ಲವಂತೆ, ತಾರಸಿಯನ್ನೂ ಹತ್ತುತ್ತಿಲ್ಲವಂತೆ. ಅಮ್ಮ ಹೇಳಿದಳು. ನಡೆಯಬೇಡಿ, ಆಟೋದಲ್ಲಿ ಹೋಗಿ. ಕೆರೆ ಪಕ್ಕದ ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ನೆ ಕೂತು ಬನ್ನಿ. ಆಮೇಲೆ ಕ್ಯಾಲೆಂಡರಿನ ಫೋಟೋ ಕಳಿಸಿ. ಹೆಬ್ಬೆರಳು ಬೇಡ. ನಾನೂ ಅಷ್ಟರಲ್ಲಿ ಆಸ್ಪತ್ರೆಗೆ ಫೋನ್ ಮಾಡುತ್ತೇನೆ.

ನಿಮ್ಮ
ಪುಟ್ಟಿ