ಮೇಲ್ಕಟ್ಟಿನ ಕೆಳಗೆ ಕೂತ ಚಿತ್ರಪಟ

ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಸ್ಪೇನಿನ ದೊರೆ ಒಮ್ಮೆಯೂ ಕಾಲಿಡದ ಮೆಕ್ಸಿಕೊ, ಪೆರುಗಳಲ್ಲಿ ಜನ ಮುನ್ನೂರು ವರ್ಷ ಅವನನ್ನು ನಂಬಿದ್ದು ಹೇಗೆ ಅಂತ? ಸೈನ್ಯ, ಕಂದಾಯ ಎಲ್ಲ ಇತ್ತು, ಸರಿ. ಆದರೆ ಕಾಣದ ದೇವರನ್ನು ದಿನಾ ವರ್ಣಿಸುವ ಪಾದ್ರಿಗಳಿಗೆ ಕಾಣದ ರಾಜ ಯಾವ ಮಹಾ ಕಷ್ಟ, ಮಾರಾಯ!

ನಾಲ್ಕನೇ ಫಿಲಿಪ್‌ನನ್ನೇ ತಗೋ. ನಮ್ಮ ನವಗ್ರಹಗಳ ಹಾಗೆ ಅವರ ಹಳೆಯ ಲೆಕ್ಕದಲ್ಲೂ ಸೂರ್ಯ ಒಂದು ಗ್ರಹ, ಅದೂ ನಾಲ್ಕನೆಯದು. ಹಾಗಾಗಿ ಇವನು 'ಗ್ರಹರಾಜ'. 1665ರ ಸೆಪ್ಟೆಂಬರಿನಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡ. ಸುದ್ದಿ ಹಡಗು ಹತ್ತಿ ಬರಬೇಕಲ್ಲ, ಮೆಕ್ಸಿಕೊ ನಗರದ ಕ್ಯಾಥೆಡ್ರಲ್‌ನಲ್ಲಿ ಶ್ರದ್ಧಾಂಜಲಿ ಪೂಜೆ ನಡೆದದ್ದು ಮರುವರ್ಷ. ಹೆಣವೇ ಇಲ್ಲದ ಸಮಾಧಿಗೆ ಅಂತಸ್ತು ಅಂತಸ್ತಾಗಿ ಎದ್ದ ಮಂಟಪ, ಅದರ ತುಂಬ ಮೇಣದಬತ್ತಿ. ಆ ವಿಧಿಯನ್ನೆಲ್ಲ ಬರೆದಿಟ್ಟ ಇಸಿದ್ರೊ ಸರಿಞಾನನ ಪುಸ್ತಕದ ಹೆಸರೇ 'ಸ್ಪೇನಿನ ಅತ್ಯುಜ್ವಲ ಸೂರ್ಯನ ಅಸ್ತಮಾನಕ್ಕೆ ಪಶ್ಚಿಮದ ರೋದನ' ಎಂಬರ್ಥದ್ದು. ಸೂರ್ಯ ಮುಳುಗುವುದು ಪಡುವಣದಲ್ಲಿ, ತಾವಿರುವುದೂ ಅಲ್ಲೇ! ಅಳುವಾಗಲೂ ಊರಿನ ಹೆಮ್ಮೆ ಬಿಡಲಿಲ್ಲ ನೋಡು.

ಮುಳುಗಿದ ಸೂರ್ಯ ಮತ್ತೆ ಹುಟ್ಟಲೇಬೇಕು. ಪಟ್ಟಕ್ಕೆ ಬಂದವನು ನಾಲ್ಕು ವರ್ಷವೂ ತುಂಬದ ಎರಡನೇ ಕಾರ್ಲೋಸ್. ಪೆರುವಿನ ಲಿಮಾದಲ್ಲಿ ಆ ಮಗುವಿನ ಚಿತ್ರಪಟವನ್ನು ಮೇಲ್ಕಟ್ಟಿನ ಕೆಳಗೆ ಕೂರಿಸಿ ನಿಷ್ಠೆಯ ಪ್ರಮಾಣ ಮಾಡಿದರು. ಪಾದುಕೆ ಇಟ್ಟು ಆಳಿದ ಭರತ ನೆನಪಾದ ನನಗೆ. ಆದರೆ ಇಲ್ಲಿನ ವೈಸರಾಯ್‌ಗಳು ಭರತನ ಜಾತಿಯವರಲ್ಲ! ಕಾರ್ಪಸ್ ಕ್ರಿಸ್ಟಿ ಹಬ್ಬದ ಮೆರವಣಿಗೆಯಲ್ಲಿ ಪರಮಪ್ರಸಾದಕ್ಕೆ, ಅಂದರೆ ಕ್ರಿಸ್ತನ ದೇಹವೆಂದೇ ಪೂಜಿಸುವ ರೊಟ್ಟಿಗೆ, ಹಿಡಿಯುವಂಥ ಮೇಲ್ಕಟ್ಟು ತಮ್ಮ ಪುರಪ್ರವೇಶಕ್ಕೂ ಬೇಕೆಂದರು. ಕೂಡದು ಅಂತ ಸ್ಪೇನಿನಿಂದ ಮತ್ತೆ ಮತ್ತೆ ಆಜ್ಞೆ ಬರುತ್ತಿತ್ತು. ಮತ್ತೆ ಮತ್ತೆ ಬಂತೆಂದರೆ ಎಷ್ಟು ಪಾಲಿಸಿದರೆಂದು ನೀನೇ ಊಹಿಸು.

ನನಗೆ ತೀರಾ ಹಿಡಿಸಿದ್ದು ಪೆರುವಿನ ಆಂಡಿಸ್ ಬೆಟ್ಟಗಳಲ್ಲಿರುವ ಕುಸ್ಕೊ ಊರಿನ ಚಿತ್ರಗಳು. ಕಂಬದ ಮೇಲೆ ಪರಮಪ್ರಸಾದದ ಚಿನ್ನದ ಪಾತ್ರೆ, ಹಗ್ಗ ಹಾಕಿ ಅದನ್ನು ಕೆಡವಲು ಜಗ್ಗುವ, ಆಗಿನ ಕ್ರೈಸ್ತರ ಕಣ್ಣಿಗೆ ವೈರಿಗಳಾದ ತುರ್ಕರು, ಇನ್ನೊಂದು ಪಕ್ಕದಲ್ಲಿ ಕತ್ತಿ ಹಿಡಿದು ಕಾಯುವ ಕಾರ್ಲೋಸ್. ನಿಜದಲ್ಲಿ ಅವನು ಹುಟ್ಟಾ ರೋಗಿಷ್ಟ. 1685ರಲ್ಲಿ, ಸಾಯುವವರಿಗೆ ಪ್ರಸಾದ ಒಯ್ಯುತ್ತಿದ್ದ ಪಾದ್ರಿಗೆ ತನ್ನ ಸಾರೋಟು ಬಿಟ್ಟುಕೊಟ್ಟು ಇಳಿದನಂತೆ. ಅಲ್ಲಿ ಕತ್ತಿಯೂ ಇರಲಿಲ್ಲ, ತುರ್ಕರೂ ಇರಲಿಲ್ಲ. ಆಂಡಿಸ್‌ನ ಚಿತ್ರಗಾರರು ತುರ್ಕರನ್ನು ಎಲ್ಲಿ ಕಂಡಿದ್ದರು? ರಾಜನನ್ನಾದರೂ?

ಅಂದ ಹಾಗೆ, ಪಟ್ಟದಲ್ಲಿರುವ ಸ್ಪೇನಿನ ದೊರೆಯೊಬ್ಬ ಅಮೆರಿಕಕ್ಕೆ ಮೊದಲು ಬಂದಿಳಿದದ್ದು 1976ರಲ್ಲಿ, ಹುವಾನ್ ಕಾರ್ಲೋಸ್. ವಿಮಾನದಲ್ಲಿ.

ಬಿಡುವಾದಾಗ ಬರೆ.

ನಿನ್ನವ